ಬದುವಿನ ಹೊಂಗೆ, ಗದ್ದೆಯ ಕಬ್ಬು

ಗಿಡಮರಗಳಿಂದ ತೆಗೆದು ಎಂಜಿನ್‌ನಲ್ಲಿ ಉರಿಸುವ ದ್ರವ ಇಂಧನಗಳಲ್ಲಿ ಮುಖ್ಯವಾಗಿ ಎರಡು ಬಗೆ. ಸಕ್ಕರೆಯನ್ನೋ ಪಿಷ್ಟವನ್ನೋ ಹುಳಿಸಿ ಬಟ್ಟಿ ಇಳಿಸಿದರೆ ಎಥೆನಾಲ್ ಸಿಗುತ್ತದೆ. ಅದನ್ನು ಪೆಟ್ರೋಲ್ ಜತೆ ಬೆರೆಸುತ್ತಾರೆ. ಬೀಜದ ಎಣ್ಣೆಯನ್ನು ಮೆಥನಾಲ್ ಸೇರಿಸಿ ಸಂಸ್ಕರಿಸಿದರೆ ಬಯೋಡೀಸೆಲ್ ಸಿಗುತ್ತದೆ. ಅದನ್ನು ಡೀಸೆಲ್ ಜತೆ ಬೆರೆಸುತ್ತಾರೆ. ಕರ್ನಾಟಕದಲ್ಲಿ ಈ ಎರಡಕ್ಕೂ ಒಂದೊಂದು ಚಿರಪರಿಚಿತ ಸಸ್ಯವಿದೆ. ಕಬ್ಬು ನೀರಾವರಿ ಗದ್ದೆಯಲ್ಲಿ ಬೆಳೆಯುತ್ತದೆ, ಹೊಂಗೆ ಒಣ ಹೊಲದ ಬದುವಿನಲ್ಲಿ. ಕಬ್ಬಿನ ಬೆನ್ನಿಗೆ ಕಾರ್ಖಾನೆ, ಬ್ಯಾಂಕ್ ಸಾಲ, ತೈಲ ಕಂಪನಿಗಳ ಖರೀದಿ ಇವೆ. ಹೊಂಗೆಯ ಬೆನ್ನಿಗಿರುವುದು ಬೇಸಿಗೆಯಲ್ಲಿ ಬೀಜ ಆಯುವ ಕೈಗಳು. ಪೆಟ್ರೋಲಿಯಂಗೆ ಪರ್ಯಾಯವಾಗಿ ಜೈವಿಕ ಇಂಧನ ಎಷ್ಟು ದೂರ ಸಾಗಬಲ್ಲದು ಎಂಬುದನ್ನು ತಿಳಿಯಲು ಈ ಎರಡು ಗಿಡಗಳನ್ನೂ ಅವು ನಿಂತ ನೆಲವನ್ನೂ ನೋಡಬೇಕು.

ಇಂಗಾಲದ ಜಮಾ ಖರ್ಚು

ಕಲ್ಲಿದ್ದಲು, ಪೆಟ್ರೋಲಿಯಂ ಕೂಡ ಒಂದು ಕಾಲದ ಜೀವರಾಶಿಯೇ. ಕೋಟ್ಯಂತರ ವರ್ಷಗಳ ಹಿಂದೆ ಗಾಳಿಯಿಂದ ಇಂಗಾಲ ಹೀರಿ ಬೆಳೆದ ಸಸ್ಯಗಳು, ಕಡಲ ಪಾಚಿಗಳು ಮಣ್ಣಿನಡಿ ಹೂತುಹೋಗಿ, ಒತ್ತಡಕ್ಕೂ ಬಿಸಿಗೂ ಸಿಕ್ಕಿ ಆ ರೂಪ ಪಡೆದಿವೆ. ಅವನ್ನು ಅಗೆದು ಸುಟ್ಟಾಗ ನೆಲದಡಿ ಮಲಗಿದ್ದ ಇಂಗಾಲ ಇಂದಿನ ಗಾಳಿಗೆ ಹೆಚ್ಚುವರಿಯಾಗಿ ಸೇರುತ್ತದೆ. ಎಥೆನಾಲ್ ಸುಟ್ಟಾಗಲೂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಆದರೆ ಅದು ಕಬ್ಬು ಒಂದೆರಡು ವರ್ಷಗಳ ಹಿಂದಷ್ಟೇ ಗಾಳಿಯಿಂದ ಪಡೆದದ್ದು. ಮುಂದಿನ ಕೂಳೆ ಬೆಳೆ ಅದನ್ನು ಮತ್ತೆ ಹೀರಿಕೊಳ್ಳುತ್ತದೆ. ಜೈವಿಕ ಇಂಧನದ ಪರವಾದ ವಾದದ ತಿರುಳು ಈ ಸುತ್ತು.

ಸುತ್ತು ಪೂರ್ಣವಾಗುವುದಕ್ಕೆ ಅಡ್ಡಿಗಳಿವೆ. ಉಳುವ ಟ್ರ್ಯಾಕ್ಟರ್ ಡೀಸೆಲ್ ಕುಡಿಯುತ್ತದೆ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ಹಾಕಿದ ಸಾರಜನಕ ಗೊಬ್ಬರದ ಒಂದು ಪಾಲು ಮಣ್ಣಿನಿಂದ ನೈಟ್ರಸ್ ಆಕ್ಸೈಡ್ ಆಗಿ ಎದ್ದುಹೋಗುತ್ತದೆ. ಭೂಮಿಯನ್ನು ಬಿಸಿಮಾಡುವುದರಲ್ಲಿ ಈ ಅನಿಲದ ಒಂದು ಕಿಲೋ, ಇಂಗಾಲದ ಡೈಆಕ್ಸೈಡ್‌ನ ಸುಮಾರು 270 ಕಿಲೋಗೆ ಸಮ. ಪಂಪ್‌ಸೆಟ್ಟಿನ ವಿದ್ಯುತ್ತು, ಲಾರಿ ಸಾಗಣೆ, ಬಟ್ಟಿ ಇಳಿಸುವ ಶಾಖ ಎಲ್ಲವೂ ಖರ್ಚಿನ ಬಾಬ್ತು. ಎಲ್ಲಕ್ಕಿಂತ ದೊಡ್ಡ ಖರ್ಚು ಕಾಡು ಕಡಿದಾಗ ಬರುತ್ತದೆ. ಇಂಡೊನೇಷ್ಯಾ, ಮಲೇಷ್ಯಾಗಳ ಜೌಗು ಕಾಡನ್ನು ಬರಿದು ಮಾಡಿ ತಾಳೆ ನೆಟ್ಟು ಬಯೋಡೀಸೆಲ್ ತೆಗೆದರೆ, ಆ ನೆಲದಿಂದ ಹೊರಬಿದ್ದ ಇಂಗಾಲದ ಸಾಲ ತೀರಲು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬೇಕು ಎಂದು 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ಲೆಕ್ಕ ಹಾಕಿತು. ಎರಡು ಡಬ್ಬಿಗಳಲ್ಲಿರುವ ಒಂದೇ ಬಣ್ಣದ ಇಂಧನ, ಒಂದು ಭೂಮಿಗೆ ಹಿತವಾಗಿಯೂ ಇನ್ನೊಂದು ಕೇಡಾಗಿಯೂ ಇರಬಹುದು. ಅದು ತೀರ್ಮಾನವಾಗುವುದು ಬೆಳೆದ ನೆಲದಲ್ಲಿ.

ಕಡಲೆಕಾಯಿ ಎಣ್ಣೆಯಿಂದ ಇ20ವರೆಗೆ

ಸಸ್ಯ ಇಂಧನದ ಆಲೋಚನೆಗೆ ಎಂಜಿನ್‌ನಷ್ಟೇ ವಯಸ್ಸು. ರುಡಾಲ್ಫ್ ಡೀಸೆಲ್ ಅವರ ಮೊದಲ ಮಾದರಿ ಎಂಜಿನ್ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ 1893ರ ಆಗಸ್ಟ್ 10ರಂದು ಚಾಲನೆಗೊಂಡಿತು. ವಿಶ್ವ ಜೈವಿಕ ಇಂಧನ ದಿನ ಆಚರಣೆಯಾಗುವುದು ಅದೇ ತಾರೀಕಿನಂದು. ಸಸ್ಯದ ಎಣ್ಣೆಯ ಪ್ರಯೋಗ ನಡೆದದ್ದು ಅದಾದ ಏಳು ವರ್ಷಗಳ ಮೇಲೆ. 1900ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಿಂದ ಓಡಿತು. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಹೇರಳವಾಗಿ ಬೆಳೆಯುತ್ತಿದ್ದ ಕಡಲೆಕಾಯಿಯನ್ನು ಅಲ್ಲಿಯೇ ಇಂಧನವಾಗಿ ಬಳಸಬಹುದೇ ಎಂಬುದು ಆಗ ಫ್ರಾನ್ಸ್ ಸರ್ಕಾರದ ಆಸಕ್ತಿ. ನೆಲದೆಣ್ಣೆ ಅಗ್ಗವಾಗಿ ಸಿಗತೊಡಗಿದ ಮೇಲೆ ಆ ಆಸಕ್ತಿ ಆರಿತು.

ಅದು ಮತ್ತೆ ಹೊತ್ತಿಕೊಂಡದ್ದು 1973ರ ತೈಲ ಬಿಕ್ಕಟ್ಟಿನ ನಂತರ. ಬ್ರೆಜಿಲ್ 1975ರಲ್ಲಿ ‘ಪ್ರೊ ಆಲ್ಕೂಲ್’ ಯೋಜನೆ ಆರಂಭಿಸಿ ಕಬ್ಬಿನ ಎಥೆನಾಲ್ ಅನ್ನು ರಾಷ್ಟ್ರೀಯ ಇಂಧನವಾಗಿ ಬೆಳೆಸಿತು. 1979ರಲ್ಲಿ ಬರೀ ಎಥೆನಾಲ್‌ನಿಂದ ಓಡುವ ಕಾರು ಅಲ್ಲಿ ಮಾರುಕಟ್ಟೆಗೆ ಬಂತು. 2003ರಿಂದ ಪೆಟ್ರೋಲ್, ಎಥೆನಾಲ್ ಎರಡನ್ನೂ ಯಾವ ಪ್ರಮಾಣದಲ್ಲಿ ಬೇಕಾದರೂ ಬಳಸಬಲ್ಲ ಫ್ಲೆಕ್ಸ್ ಫ್ಯುಯೆಲ್ ಕಾರುಗಳು ಬಂದವು.

ಭಾರತದಲ್ಲಿ 2003ರಲ್ಲಿ ಒಂಬತ್ತು ರಾಜ್ಯಗಳಲ್ಲಿ ಪೆಟ್ರೋಲ್‌ಗೆ ಶೇ 5ರಷ್ಟು ಎಥೆನಾಲ್ ಬೆರೆಸುವ ಕಾರ್ಯಕ್ರಮ ಶುರುವಾಯಿತು. ಹತ್ತು ವರ್ಷ ಅದು ಕುಂಟುತ್ತಲೇ ಸಾಗಿ, 2013-14ರಲ್ಲಿ ಮಿಶ್ರಣ ಶೇ 1.5ರ ಆಸುಪಾಸಿನಲ್ಲಿತ್ತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯ ನಂತರ ವೇಗ ಬಂತು. 2022ರ ಜೂನ್‌ನಲ್ಲಿ ಮಿಶ್ರಣ ಶೇ 10 ಮುಟ್ಟಿತು. 2023ರ ಫೆಬ್ರುವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಶೇ 20ರ ಮಿಶ್ರಣದ ‘ಇ20’ ಪೆಟ್ರೋಲ್ ಬಿಡುಗಡೆಯಾಯಿತು. 2025ರ ಹೊತ್ತಿಗೆ ದೇಶದುದ್ದಕ್ಕೂ ಬಂಕ್‌ಗಳಲ್ಲಿ ಅದೇ ಸಾಮಾನ್ಯ ಪೆಟ್ರೋಲ್ ಆಯಿತು. ಬೇಕಾದ ಕಚ್ಚಾ ತೈಲದ ಶೇ 85ಕ್ಕೂ ಹೆಚ್ಚು ಪಾಲನ್ನು ಹೊರಗಿನಿಂದ ತರಿಸುವ ದೇಶಕ್ಕೆ ಇದು ಸಣ್ಣ ಸಾಧನೆಯಲ್ಲ.

ಕಬ್ಬು ಇಂಧನವಾಗುವ ಬಗೆ

ಕಬ್ಬಿನ ಹಾಲನ್ನು ಕಾಯಿಸಿ ಸಕ್ಕರೆಯ ಹರಳು ಬೇರ್ಪಡಿಸಿದ ಮೇಲೆ ಉಳಿಯುವ ಕಪ್ಪು ಗಟ್ಟಿ ದ್ರವ ಕಾಕಂಬಿ. ಹರಳಾಗುವ ಸಕ್ಕರೆಯನ್ನೆಲ್ಲ ಹಿಂಡಿ ತೆಗೆದ ಕೊನೆಯ ಕಾಕಂಬಿಗೆ ಕಾರ್ಖಾನೆಯ ಭಾಷೆಯಲ್ಲಿ ‘ಸಿ ಹೆವಿ’ ಎಂದು ಹೆಸರು. ಒಂದು ಹಂತ ಮೊದಲೇ ತೆಗೆದರೆ ಅದು ‘ಬಿ ಹೆವಿ’, ಅದರಲ್ಲಿ ಸಕ್ಕರೆಯ ಅಂಶ ಹೆಚ್ಚು. ಸಕ್ಕರೆ ಮಾಡುವುದನ್ನೇ ಬಿಟ್ಟು ಕಬ್ಬಿನ ಹಾಲನ್ನು ನೇರವಾಗಿ ಹುಳಿಸಲೂಬಹುದು. ಹುದುಗುವ ತೊಟ್ಟಿಯಲ್ಲಿ ಯೀಸ್ಟ್ ಸಕ್ಕರೆಯನ್ನು ಎಥೆನಾಲ್ ಮತ್ತು ಇಂಗಾಲದ ಡೈಆಕ್ಸೈಡ್ ಆಗಿ ಒಡೆಯುತ್ತದೆ. ಬಟ್ಟಿ ಇಳಿಸಿದಾಗ ಸುಮಾರು ಶೇ 95ರ ಶುದ್ಧತೆಯವರೆಗೆ ಬರುತ್ತದೆ. ಅಲ್ಲಿಂದ ಮುಂದೆ ಕುದಿಸಿ ನೀರನ್ನು ಬೇರ್ಪಡಿಸಲಾಗದು. ಉಳಿದ ನೀರನ್ನು ಹಿಡಿದಿಡುವ ವಿಶೇಷ ಹರಳುಗಳ ಮೂಲಕ ಹಾಯಿಸಿ ಶೇ 99.5ಕ್ಕೆ ಏರಿಸಿದ ಮೇಲಷ್ಟೇ ಅದು ಪೆಟ್ರೋಲ್‌ಗೆ ಬೆರೆಸಲು ಯೋಗ್ಯ.

ಈ ಕೆಲಸಕ್ಕೆ ಬೇಕಾದ ಶಾಖವನ್ನು ಕಬ್ಬಿನ ಸಿಪ್ಪೆಯೇ ಒದಗಿಸುತ್ತದೆ. ಅರೆದ ಸಿಪ್ಪೆಯನ್ನು ಬಾಯ್ಲರ್‌ಗೆ ಹಾಕಿದರೆ ಹಬೆಯೂ ವಿದ್ಯುತ್ತೂ ಸಿಗುತ್ತದೆ. ಮೆಕ್ಕೆಜೋಳಕ್ಕೆ ಈ ಅನುಕೂಲವಿಲ್ಲ. ಅದರ ಕಾಳನ್ನು ಬೇಯಿಸಿ, ಪಿಷ್ಟವನ್ನು ಮೊದಲು ಸಕ್ಕರೆಯಾಗಿಸಿ, ಆಮೇಲೆ ಹುಳಿಸಬೇಕು, ಶಾಖವನ್ನು ಹೊರಗಿನಿಂದ ಕೊಡಬೇಕು. ಹೀಗಾಗಿ ಬ್ರೆಜಿಲ್‌ನ ಕಬ್ಬಿನ ಎಥೆನಾಲ್ ತಾನು ಬಳಸಿದ ಪಳೆಯುಳಿಕೆ ಇಂಧನದ ಎಂಟು ಪಟ್ಟಿನಷ್ಟು ಶಕ್ತಿ ಮರಳಿಸಿದರೆ, ಅಮೆರಿಕದ ಮೆಕ್ಕೆಜೋಳದ ಎಥೆನಾಲ್ ಅದರ ಹತ್ತಿರಕ್ಕೂ ಬರುವುದಿಲ್ಲ.

ವಾಹನ ಸವಾರರು ಮೈಲೇಜ್ ಇಳಿದ ಬಗ್ಗೆ ಹೇಳುವ ಮಾತಿಗೆ ಆಧಾರವಿದೆ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಸುಮಾರು 32 ಮೆಗಾಜೂಲ್ ಶಕ್ತಿಯಿದ್ದರೆ ಎಥೆನಾಲ್‌ನಲ್ಲಿ ಇರುವುದು 21. ಮೂರನೇ ಒಂದು ಪಾಲು ಕಡಿಮೆ. ಐದನೇ ಒಂದು ಪಾಲು ಎಥೆನಾಲ್ ಬೆರೆತರೆ ಒಟ್ಟು ಶಕ್ತಿ ಶೇ 6ರಿಂದ 7ರಷ್ಟು ಇಳಿಯುತ್ತದೆ. ಎಥೆನಾಲ್‌ನ ಆಕ್ಟೇನ್ ಪ್ರಮಾಣ ಹೆಚ್ಚು, ಬಡಿತವಿಲ್ಲದೆ ಉರಿಯುತ್ತದೆ; ಅದಕ್ಕೆಂದೇ ಹೊಂದಿಸಿದ ಎಂಜಿನ್‌ಗಳಲ್ಲಿ ನಷ್ಟದ ಒಂದು ಭಾಗ ಮರಳಿ ಬರುತ್ತದೆ. ಹಳೆಯ ವಾಹನಗಳ ರಬ್ಬರ್ ಕೊಳವೆ, ವಾಷರ್‌ಗಳನ್ನು ಎಥೆನಾಲ್ ಸವೆಸಬಹುದು. ಅದು ಗಾಳಿಯ ತೇವವನ್ನೂ ಎಳೆದುಕೊಳ್ಳುತ್ತದೆ. ಟ್ಯಾಂಕ್‌ಗೆ ನೀರು ಹೆಚ್ಚಾಗಿ ಸೇರಿದರೆ ಎಥೆನಾಲ್ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕಿಳಿಯುತ್ತದೆ.

ಆಳೆತ್ತರದ ನೀರು

ಕಬ್ಬಿನ ಎಥೆನಾಲ್‌ನ ನಿಜವಾದ ಬೆಲೆ ನೀರಿನಲ್ಲಿದೆ. ನೀತಿ ಆಯೋಗ 2021ರಲ್ಲಿ ಪ್ರಕಟಿಸಿದ ಎಥೆನಾಲ್ ಮಾರ್ಗಸೂಚಿಯ ಪ್ರಕಾರ ಒಂದು ಟನ್ ಕಬ್ಬಿನಿಂದ ಸುಮಾರು 70 ಲೀಟರ್ ಎಥೆನಾಲ್ ತೆಗೆಯಬಹುದು. ಕಬ್ಬಿನ ಸಕ್ಕರೆಯಿಂದ ಬರುವ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಬೇಕು. ಎಕರೆಗೆ 40 ಟನ್ ಇಳುವರಿ ಎಂದಿಟ್ಟುಕೊಂಡರೆ 2,800 ಲೀಟರ್ ಎಥೆನಾಲ್, ಅದಕ್ಕೆ 80 ಲಕ್ಷ ಲೀಟರ್ ನೀರು. ಅಷ್ಟು ನೀರನ್ನು ಅದೇ ಒಂದು ಎಕರೆಯಲ್ಲಿ ನಿಲ್ಲಿಸಿದರೆ ಎರಡು ಮೀಟರ್ ಆಳವಾಗುತ್ತದೆ. ನಿಂತ ಮನುಷ್ಯ ಮುಳುಗುತ್ತಾನೆ. ಮಂಡ್ಯದಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ವರ್ಷವಿಡೀ ಬೀಳುವ ಮಳೆ ಇದರ ಅರ್ಧವೂ ಇಲ್ಲ. ಉಳಿದದ್ದನ್ನು ಕಾವೇರಿ, ಕೃಷ್ಣೆಯರ ನಾಲೆಗಳೋ ಕೊಳವೆಬಾವಿಗಳೋ ತುಂಬಿಕೊಡಬೇಕು. ಬ್ರೆಜಿಲ್‌ನ ಕಬ್ಬು ಬಹುಪಾಲು ಮಳೆಯನ್ನೇ ನಂಬಿ ಬೆಳೆಯುತ್ತದೆ. ಅಲ್ಲಿನ ಯಂತ್ರ, ತಂತ್ರ, ಕಾರು ಎಲ್ಲವನ್ನೂ ಇಲ್ಲಿಗೆ ತರಬಹುದು. ಅಲ್ಲಿನ ಮಳೆಯನ್ನು ತರಲಾಗದು.

2023ರಲ್ಲಿ ಇದು ಕಣ್ಣಿಗೆ ಕಟ್ಟುವಂತೆ ಗೊತ್ತಾಯಿತು. ಆ ವರ್ಷ ಮುಂಗಾರು ಕೈಕೊಟ್ಟು ಕರ್ನಾಟಕದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಮಹಾರಾಷ್ಟ್ರದಲ್ಲೂ ಕಬ್ಬು ಸೊರಗಿತು. ಸಕ್ಕರೆಯ ಕೊರತೆಯಾದೀತೆಂದು ಕೇಂದ್ರ ಸರ್ಕಾರ ಡಿಸೆಂಬರ್‌ನಲ್ಲಿ ಕಬ್ಬಿನ ಹಾಲಿನಿಂದ ಎಥೆನಾಲ್ ತೆಗೆಯುವುದಕ್ಕೆ ತಡೆಯೊಡ್ಡಿತು. ಮುಂದೆ ಅದನ್ನು ಭಾಗಶಃ ಸಡಿಲಿಸಿ, ಮರುವರ್ಷ ಎತ್ತಿತು. ತಡೆಯ ಆ ಹೊತ್ತಿನಲ್ಲಿ ಮೆಕ್ಕೆಜೋಳ ಮುಂದೆ ಬಂದು ದೇಶದ ಎಥೆನಾಲ್‌ನ ಅತಿದೊಡ್ಡ ಮೂಲವಾಯಿತು. ಬೆಳೆಗಾರರಿಗೆ ಬೇಡಿಕೆ ಏರಿದ್ದು ಅನುಕೂಲವಾದರೆ, ಮೆಕ್ಕೆಜೋಳವನ್ನೇ ಮೇವಾಗಿ ನಂಬಿದ ಕೋಳಿ ಸಾಕಣೆಗೆ ಬೆಲೆಯೇರಿಕೆ ಹೊರೆಯಾಯಿತು. ಕೋಳಿಗೂ ಕಾರಿಗೂ ಒಂದೇ ರಾಶಿಯಿಂದ ಅಳೆದು ಕೊಡಬೇಕಾದಾಗ ಇಂಧನ ನೀತಿ ಆಹಾರ ನೀತಿಯೂ ಆಗಿಬಿಡುತ್ತದೆ. ಅಮೆರಿಕ ತನ್ನ ಮೆಕ್ಕೆಜೋಳವನ್ನು ಎಥೆನಾಲ್‌ಗೆ ಹರಿಸತೊಡಗಿದ ಕಾಲದಲ್ಲಿ, 2007ರ ಜನವರಿಯಲ್ಲಿ, ಟೋರ್ಟಿಯಾ ರೊಟ್ಟಿಯ ಬೆಲೆ ಏರಿತೆಂದು ಮೆಕ್ಸಿಕೊದ ಜನ ಬೀದಿಗಿಳಿದದ್ದು ಇದೇ ಪಾಠದ ಹಿಂದಿನ ಪುಟ.

ಹೀಗೆಂದು ಕಬ್ಬಿನ ಎಥೆನಾಲ್ ಪೂರ್ತಿ ನಷ್ಟದ ಬಾಬ್ತೇನಲ್ಲ. ಸಕ್ಕರೆ ಉಳಿದು ಬೆಲೆ ಬಿದ್ದ ವರ್ಷಗಳಲ್ಲಿ ಕಾರ್ಖಾನೆಗಳು ರೈತರಿಗೆ ಬಾಕಿ ಉಳಿಸಿಕೊಳ್ಳುವುದು ಹಳೆಯ ಸಂಕಟ. ಎಥೆನಾಲ್ ಮಾರಾಟದ ಹಣ ಬೇಗ ಕೈಸೇರುವುದರಿಂದ ಬಾಕಿ ತೀರಿಸಲು ದಾರಿಯಾಗಿದೆ. ಕೊನೆಯ ಕಾಕಂಬಿಯಿಂದ ತೆಗೆದ ಎಥೆನಾಲ್‌ಗೆ ಹೊಸ ನೆಲವೂ ಬೇಡ, ಹೊಸ ನೀರೂ ಬೇಡ. ಅದು ಹೇಗೂ ಉಳಿಯುವ ಪದಾರ್ಥ. ಲೆಕ್ಕ ತಪ್ಪುವುದು ಇಂಧನಕ್ಕೆಂದೇ ಇನ್ನಷ್ಟು ಗದ್ದೆಗೆ ಕಬ್ಬು ಹಬ್ಬಿದಾಗ. ಬಟ್ಟಿ ಇಳಿಸಿದ ಮೇಲೆ ಒಂದು ಲೀಟರ್ ಎಥೆನಾಲ್‌ಗೆ ಸುಮಾರು ಹತ್ತು ಲೀಟರ್‌ನಷ್ಟು ಕಂದು ಬಣ್ಣದ ಗಬ್ಬು ನೀರು ಉಳಿಯುತ್ತದೆ. ಅದನ್ನು ಆವಿಯಾಗಿಸಿ ಬಾಯ್ಲರ್‌ನಲ್ಲಿ ಸುಡದೆ ಹಳ್ಳಕ್ಕೆ ಬಿಟ್ಟರೆ ನೀರಿನ ಆಮ್ಲಜನಕವನ್ನೆಲ್ಲ ನುಂಗಿ ಮೀನುಗಳನ್ನು ಕೊಲ್ಲುತ್ತದೆ.

ಹೊಂಗೆಯ ದಾರಿ

ಹೊಂಗೆಗೆ ನಾಲೆಯ ನೀರು ಬೇಡ. ಬೇರಿನ ಗಂಟುಗಳಲ್ಲಿ ಮನೆಮಾಡಿಕೊಂಡ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿದು ಕೊಡುವುದರಿಂದ ಯೂರಿಯಾವೂ ಬೇಡ. ದನ, ಆಡು ಇದರ ಸೊಪ್ಪಿಗೆ ಹೆಚ್ಚು ಬಾಯಿ ಹಾಕುವುದಿಲ್ಲ. ಬೇಸಿಗೆಯ ಹೊತ್ತಿಗೆ ಹಳೆ ಎಲೆ ಉದುರಿಸಿ ಚಿಗುರುವ ಈ ಮರದ ನೆರಳನ್ನು ಹಳ್ಳಿಗರು ತಾಯಿಯ ಮಡಿಲಿಗೆ ಹೋಲಿಸುತ್ತಾರೆ. ಸೊಪ್ಪು ಗದ್ದೆಗೆ ಹಸಿರೆಲೆ ಗೊಬ್ಬರವಾಗಿ, ಹಿಂಡಿ ತೋಟಕ್ಕೆ ಪುಷ್ಟಿಯಾಗಿ, ಎಣ್ಣೆ ದೀಪಕ್ಕೂ ಚರ್ಮರೋಗದ ಮದ್ದಿಗೂ ಬಳಕೆಯಾಗಿದ್ದು ತಲೆಮಾರುಗಳ ರೂಢಿ. ಎಣ್ಣೆ ಕಹಿ, ಅಡುಗೆಗೆ ಆಗದು. ಹಾಗಾಗಿ ಊಟದ ತಟ್ಟೆಗೂ ಎಂಜಿನ್‌ಗೂ ಇಲ್ಲಿ ಜಗಳವಿಲ್ಲ.

1990ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕ ಉಡುಪಿ ಶ್ರೀನಿವಾಸ ಅವರು ಈ ಹಳೆಯ ಎಣ್ಣೆಯನ್ನು ಹೊಸ ಕೆಲಸಕ್ಕೆ ಹಚ್ಚಿದರು. ಅವರ ‘ಸೂತ್ರ’ ತಂಡ ಕಗ್ಗನಹಳ್ಳಿ ಎಂಬ ಊರಿನಲ್ಲಿ ಹೊಂಗೆ ಎಣ್ಣೆಯಿಂದಲೇ ಜನರೇಟರ್ ಓಡಿಸಿ, ಆ ವಿದ್ಯುತ್ತಿನಿಂದ ಕೊಳವೆಬಾವಿಯ ನೀರೆತ್ತಿ ಹೊಲಕ್ಕೆ ಹಾಯಿಸುವುದನ್ನು ಮಾಡಿ ತೋರಿಸಿತು. ಊರಿನ ಬೀಜ, ಊರಿನ ಗಾಣ, ಊರಿನ ಪಂಪು ಎಂಬುದು ಅದರ ಹಿಂದಿನ ಆಲೋಚನೆ.

ಒಂದೇ ವೇಗದಲ್ಲಿ ಓಡುವ ಜನರೇಟರ್‌ಗೆ ಹಸಿ ಎಣ್ಣೆ ಒಗ್ಗಬಹುದು. ವಾಹನಕ್ಕೆ ಅದು ತೀರಾ ಮಂದ. ಸಸ್ಯದ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಗಟ್ಟಿ, ಸಿಂಪರಣೆಯ ಸೂಜಿರಂಧ್ರದಲ್ಲಿ ಕಟ್ಟಿಕೊಂಡು ಮಸಿ ಹಿಡಿಸುತ್ತದೆ. ಎಣ್ಣೆಯ ಪ್ರತಿ ಅಣುವಿನಲ್ಲಿ ಮೂರು ಕೊಬ್ಬಿನಾಮ್ಲದ ಸರಪಣಿಗಳು ಒಂದು ಗ್ಲಿಸರಿನ್‌ಗೆ ಜೋತುಬಿದ್ದಿರುತ್ತವೆ. ಎಣ್ಣೆಯನ್ನು 60 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಮೆಥನಾಲ್ ಮತ್ತು ಒಂದಿಷ್ಟು ಕ್ಷಾರದ ಜತೆ ಕಲಕಿದರೆ ಸರಪಣಿಗಳು ಗ್ಲಿಸರಿನ್ ಬಿಟ್ಟು ಮೆಥನಾಲ್‌ಗೆ ಅಂಟಿಕೊಳ್ಳುತ್ತವೆ. ತಿಳಿಯಾದ ಬಯೋಡೀಸೆಲ್ ಮೇಲೆ ತೇಲುತ್ತದೆ, ಭಾರದ ಗ್ಲಿಸರಿನ್ ತಳದಲ್ಲಿ ನಿಲ್ಲುತ್ತದೆ; ಅದು ಸೋಪು ತಯಾರಿಕೆಗೆ ಹೋಗುತ್ತದೆ. ಹಳಸಿದ ಬೀಜದ ಹೊಂಗೆ ಎಣ್ಣೆಯಲ್ಲಿ ಬಿಡಿ ಆಮ್ಲ ಹೆಚ್ಚಿರುವುದರಿಂದ ಕ್ಷಾರ ಸೇರಿಸಿದರೆ ತೊಟ್ಟಿಯಲ್ಲೇ ಸೋಪಾಗಿಬಿಡುತ್ತದೆ. ಅಂಥ ಎಣ್ಣೆಯನ್ನು ಮೊದಲು ಆಮ್ಲದಿಂದ ಹದಗೊಳಿಸಬೇಕು. ಒಣಗಿಸಿ ಜೋಪಾನವಾಗಿಟ್ಟ ಬೀಜಕ್ಕೆ ಬೆಲೆ ಹೆಚ್ಚಿರಲು ಇದೇ ಕಾರಣ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಹಾಸನ ಬಳಿಯ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಆರಂಭಿಸಿತು. ಕರ್ನಾಟಕ 2009ರಲ್ಲಿ ತನ್ನದೇ ಜೈವಿಕ ಇಂಧನ ನೀತಿ ತಂದು, ಮುಂದೆ ಪ್ರತ್ಯೇಕ ಮಂಡಳಿಯನ್ನೂ ರಚಿಸಿತು. ಹೊಂಗೆ, ಬೇವು, ಹಿಪ್ಪೆ, ಸೀಮರೂಬ ಸಸಿಗಳನ್ನು ಬದುವಿನಲ್ಲಿ, ಖಾಲಿ ಬಿದ್ದ ಜಾಗದಲ್ಲಿ ನೆಡುವುದು, ಹಳ್ಳಿಗಳಲ್ಲೇ ಬೀಜ ಕೊಳ್ಳುವ ಸಂಘಗಳನ್ನು ಕಟ್ಟುವುದು ಅದರ ದಾರಿ. ಸಾಗುವಳಿ ಭೂಮಿಯನ್ನು ಮುಟ್ಟದೆ, ಬೇರೆ ಬೇರೆ ಮರಗಳನ್ನು ನಂಬಿದ್ದು ಈ ನೀತಿಯ ಜಾಣತನ.

ಅದೇ ಕಾಲದಲ್ಲಿ ದೇಶದ ಮಟ್ಟದಲ್ಲಿ ಒಂದೇ ಗಿಡದ ಮೇಲೆ ಆಸೆ ಇಟ್ಟ ಕಥೆ ಬೇರೆಯೇ ಆಯಿತು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾವನ್ನು, ಅಂದರೆ ಕಾಡುಹರಳನ್ನು, ಲಕ್ಷಾಂತರ ಹೆಕ್ಟೇರ್ ಪಾಳುಭೂಮಿಯಲ್ಲಿ ಬೆಳೆಯಲು ಶಿಫಾರಸು ಮಾಡಿತು. ಗಿಡ ಪಾಳುಭೂಮಿಯಲ್ಲಿ ಬದುಕಿತು, ಆದರೆ ನೀರು ಗೊಬ್ಬರವಿಲ್ಲದೆ ಕಾಯಿ ಬಿಡಲಿಲ್ಲ. ಬಿಟ್ಟ ಕಾಯಿಯೂ ಒಮ್ಮೆಗೇ ಮಾಗದೆ, ಮತ್ತೆ ಮತ್ತೆ ಕೀಳುವ ಕೂಲಿ ಬೀಜದ ಬೆಲೆಯನ್ನು ಮೀರಿತು. ಹಿಂಡಿ ವಿಷಕಾರಿ, ಮೇವಿಗೆ ಆಗದು. ‘ಪಾಳು’ ಎಂದು ಕಡತದಲ್ಲಿ ಬರೆದ ನೆಲವೆಲ್ಲ ನಿಜದಲ್ಲಿ ಯಾರದೋ ಕುರಿ ಮೇಯುವ ಗೋಮಾಳವೂ ಆಗಿತ್ತು. ಹತ್ತು ವರ್ಷದೊಳಗೆ ಉತ್ಸಾಹ ಇಳಿಯಿತು. 2018ರ ಆಗಸ್ಟ್ 27ರಂದು ಡೆಹ್ರಾಡೂನ್‌ನಿಂದ ದೆಹಲಿಗೆ ಹಾರಿದ ಸ್ಪೈಸ್‌ಜೆಟ್ ವಿಮಾನದ ಇಂಧನದಲ್ಲಿ ಕಾಲು ಪಾಲು ಜಟ್ರೋಫಾ ಎಣ್ಣೆಯಿಂದ ಮಾಡಿದ್ದು. ಗಿಡದ ಎಣ್ಣೆ ವಿಮಾನವನ್ನೂ ಹಾರಿಸಬಲ್ಲದು ಎಂಬುದಕ್ಕೆ ಪುರಾವೆ ಸಿಕ್ಕಿತು, ಬೆಳೆಯುವ ಕಷ್ಟ ಉಳಿದೇ ಇತ್ತು.

ಹೊಂಗೆಗೂ ಮಿತಿಗಳಿವೆ. ನೆಟ್ಟು ಐದಾರು ವರ್ಷ ಕಾಯಬೇಕು. ಇಳುವರಿ ಮರದಿಂದ ಮರಕ್ಕೆ ವಿಪರೀತ ಬದಲಾಗುತ್ತದೆ. ಗಾಣದಲ್ಲಿ ನಾಲ್ಕು ಕಿಲೋ ಬೀಜಕ್ಕೆ ಹೆಚ್ಚೂಕಡಿಮೆ ಒಂದು ಕಿಲೋ ಎಣ್ಣೆ ಬರುತ್ತದೆ. ಮರವೊಂದು 20 ಕಿಲೋ ಬೀಜ ಕೊಟ್ಟರೆ ಐದಾರು ಲೀಟರ್ ಇಂಧನವಾದೀತು, ಟ್ರ್ಯಾಕ್ಟರ್‌ನ ಒಂದೆರಡು ಗಂಟೆಯ ದುಡಿಮೆಗೆ ಸಾಕಾದಷ್ಟು. ಬದುವಿನಲ್ಲಿ ಚದುರಿದ ಮರಗಳ ಬೀಜವನ್ನು ಸುಡುಬಿಸಿಲಿನಲ್ಲಿ ಆಯ್ದು, ಸಿಪ್ಪೆ ಬಿಡಿಸಿ, ಒಣಗಿಸಿ ಮಾರುವುದು ಹೆಚ್ಚಾಗಿ ಹೆಂಗಸರ, ವಯಸ್ಸಾದವರ ದುಡಿಮೆ. ಬೀಜದ ಬೆಲೆ ಆ ಕೂಲಿಯನ್ನು ಕೊಡದಿದ್ದರೆ ಕಾಯಿ ನೆಲದಲ್ಲೇ ಕೊಳೆಯುತ್ತದೆ. 2030ಕ್ಕೆ ಡೀಸೆಲ್‌ನಲ್ಲಿ ಶೇ 5ರಷ್ಟು ಬಯೋಡೀಸೆಲ್ ಬೆರೆಸುವ ಗುರಿಯಿದ್ದರೂ ದೇಶ ಶೇ 1ನ್ನೂ ದಾಟಲು ತಿಣುಕಿರುವುದು ಇದೇ ಕಾರಣಕ್ಕೆ.

ಹುಲ್ಲು, ಕರಿದೆಣ್ಣೆ, ಬಿಸಿಲು

ಬೆಳೆಯ ತಿನ್ನುವ ಭಾಗವನ್ನು ಬಿಟ್ಟು ಹುಲ್ಲು, ದಂಟುಗಳಿಂದ ಎಥೆನಾಲ್ ತೆಗೆಯುವುದಕ್ಕೆ ಎರಡನೇ ತಲೆಮಾರಿನ ತಂತ್ರಜ್ಞಾನ ಎನ್ನುತ್ತಾರೆ. ಹುಲ್ಲಿನ ಸೆಲ್ಯುಲೋಸ್ ಕೂಡ ಸಕ್ಕರೆಯ ಕೊಂಡಿಗಳೇ. ಆದರೆ ಲಿಗ್ನಿನ್ ಎಂಬ ಗಡುಸು ಪದಾರ್ಥ ಅದನ್ನು ಸುತ್ತಿಕೊಂಡಿರುವುದರಿಂದ ಹಬೆ, ಆಮ್ಲ, ಕಿಣ್ವಗಳಿಂದ ಬಿಡಿಸಬೇಕು. ಖರ್ಚು ದುಬಾರಿ. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್ 10ರಂದು ಉದ್ಘಾಟನೆಯಾದ ಘಟಕ ವರ್ಷಕ್ಕೆ 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ತೆಗೆಯುವ ಲೆಕ್ಕದಲ್ಲಿ ಕಟ್ಟಿದ್ದು. ಹುಲ್ಲನ್ನು ಗದ್ದೆಯಲ್ಲೇ ಸುಟ್ಟು ದೆಹಲಿಯ ಉಸಿರುಗಟ್ಟಿಸುವ ಸೀಮೆಗೆ ಇದು ಸರಿಯಾದ ಮದ್ದು. ಕರ್ನಾಟಕದಲ್ಲಿ ರಾಗಿಹುಲ್ಲು, ಜೋಳದ ಕಣಿಕೆ ದನದ ಮೇವು. ಬಣವೆ ಕರಗಿದರೆ ರೈತನಿಗೆ ಚಿಂತೆ. ಒಂದು ಸೀಮೆಯ ಕಸ ಇನ್ನೊಂದು ಸೀಮೆಯ ಆಸ್ತಿ ಎಂಬುದನ್ನು ಯೋಜನೆ ಹಾಕುವವರು ನೆನಪಿಡಬೇಕು. ನಗರಗಳಲ್ಲಿ ನಿಜವಾಗಿ ಬೇಡವಾದ ವಸ್ತು ಬೋಂಡಾ, ಚಿಪ್ಸ್ ಕರಿದು ಕಪ್ಪಾದ ಎಣ್ಣೆ. ಅದನ್ನು ಮತ್ತೆ ಬಾಣಲೆಗೆ ಹೋಗಲು ಬಿಡದೆ ಬಯೋಡೀಸೆಲ್‌ಗೆ ಒದಗಿಸುವ ಕಾರ್ಯಕ್ರಮವನ್ನು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ 2018ರಲ್ಲಿ ಆರಂಭಿಸಿತು. ಇದರಿಂದ ತಿನ್ನುವವರ ಆರೋಗ್ಯಕ್ಕೂ ಲಾಭ.

ಸಸ್ಯ ಇಂಧನಕ್ಕೆ ಇನ್ನೊಬ್ಬ ಪ್ರತಿಸ್ಪರ್ಧಿ ಬಿಸಿಲೇ. ಬೆಳೆಯೊಂದು ತನ್ನ ಮೇಲೆ ಬಿದ್ದ ಸೂರ್ಯಶಕ್ತಿಯಲ್ಲಿ ಶೇ 1ರಷ್ಟನ್ನೋ ಅದಕ್ಕಿಂತ ಕಡಿಮೆಯನ್ನೋ ಕೂಡಿಡುತ್ತದೆ. ಸೌರ ಫಲಕ ಶೇ 20ರಷ್ಟನ್ನು ವಿದ್ಯುತ್ತಾಗಿಸುತ್ತದೆ. ಮಳೆಯಿಲ್ಲದ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ ಹಬ್ಬಿರುವ 2,050 ಮೆಗಾವಾಟ್‌ನ ಸೌರ ಪಾರ್ಕ್ ನೀರಿಲ್ಲದ ನೆಲವೂ ಶಕ್ತಿ ಬೆಳೆಯಬಲ್ಲದು ಎಂದು ತೋರಿಸಿದೆ. ಅಷ್ಟೇ ನೆಲದಿಂದ ವಿದ್ಯುತ್ ಸ್ಕೂಟರ್, ಕಾರುಗಳು ಎಥೆನಾಲ್ ವಾಹನಗಳಿಗಿಂತ ಎಷ್ಟೋ ಪಟ್ಟು ದೂರ ಓಡುತ್ತವೆ. ಆದರೆ ದೂರ ಹಾರುವ ವಿಮಾನ, ಸಾಗರ ದಾಟುವ ಹಡಗು, ವಿದ್ಯುತ್ ತಂತಿ ತಲುಪದ ಕಡೆಯ ಭಾರೀ ಯಂತ್ರಗಳಿಗೆ ಬ್ಯಾಟರಿಯ ತೂಕ ಹೊರಲಾಗದ ಹೊರೆ. ದ್ರವ ಇಂಧನ ಅಲ್ಲಿ ಇನ್ನೂ ಬಹುಕಾಲ ಬೇಕು.

ಇವೆಲ್ಲವನ್ನೂ ಒಟ್ಟಿಗಿಟ್ಟರೆ ಒಂದು ಸರದಿ ತಾನಾಗಿ ಮೂಡುತ್ತದೆ. ಕಾಕಂಬಿ, ಕರಿದ ಎಣ್ಣೆ, ಸುಟ್ಟುಹೋಗುವ ಹುಲ್ಲಿನಂಥ ಉಳಿಕೆಗಳು ಮೊದಲು. ನೀರು, ಗೊಬ್ಬರ, ಉಳುವ ನೆಲ ಯಾವುದನ್ನೂ ಕೇಳದ ಬದುವಿನ ಮರಗಳು ಆಮೇಲೆ. ನಾಲೆಯ ನೀರು ಕುಡಿದು ಬೆಳೆದ ಬೆಳೆ ಎಲ್ಲಕ್ಕಿಂತ ಕೊನೆಗೆ. ಭಾರತ ನಡೆದ ದಾರಿ ಬಹುಮಟ್ಟಿಗೆ ಇದರ ತಲೆಕೆಳಗು, ಏಕೆಂದರೆ ಸಾವಿರ ಬದುಗಳಿಂದ ಬೀಜ ಕೂಡಿಸುವುದಕ್ಕಿಂತ ಒಂದು ಕಾರ್ಖಾನೆಯಿಂದ ಟ್ಯಾಂಕರ್ ತುಂಬಿಸುವುದು ಸುಲಭ. ಎಥೆನಾಲ್‌ಗೆ ಸಿಕ್ಕ ನಿಶ್ಚಿತ ಬೆಲೆಯೂ ಖರೀದಿಯ ಭರವಸೆಯೂ ಹೊಂಗೆ ಬೀಜಕ್ಕೆ ಸಿಕ್ಕಿದ್ದರೆ ದೇಶದ ಡೀಸೆಲ್ ಪೂರ್ತಿ ಉಳಿಯುತ್ತಿರಲಿಲ್ಲ. ಆದರೆ ಊರಿನ ಪಂಪು, ಊರಿನ ಟ್ರ್ಯಾಕ್ಟರ್‌ಗಳ ಒಂದು ಪಾಲು ಎಣ್ಣೆ ಊರಿನ ಬದುವಿನಿಂದಲೇ ಬರುತ್ತಿತ್ತು, ಆ ಹಣ ಬೀಜ ಆಯ್ದವರ ಸೆರಗಿನಲ್ಲಿ ಉಳಿಯುತ್ತಿತ್ತು.